ಟ್ಯಾಂಕಿಗೆ ಜಾತಕ ಬರೆಯುವವರು

ಜಗತ್ತಿನ ಯುದ್ಧಟ್ಯಾಂಕುಗಳಲ್ಲಿ ಶ್ರೇಷ್ಠವಾದುದು ಯಾವುದು? ಈ ಪ್ರಶ್ನೆಗೆ ಉತ್ತರ ಹೇಳಲು ನಮ್ಮಲ್ಲಿ ಪಂಡಿತರಿಗೆ ಬರವಿಲ್ಲ. ಫಿರಂಗಿಯ ಬಾಯಿ ಇಷ್ಟು, ಕವಚದ ದಪ್ಪ ಇಷ್ಟು, ಎಂಜಿನ್ನಿನ ಅಶ್ವಶಕ್ತಿ ಇಷ್ಟು ಎಂದು ಕೋಷ್ಟಕ ಬರೆದು, ಕೂಡಿ ಕಳೆದು, ಒಂದಕ್ಕೆ ಪಟ್ಟ ಕಟ್ಟುತ್ತಾರೆ. ಜಾತಕ ಕೂಡಿದರೆ ಸಾಕು, ವರನ ಮುಖ ನೋಡಬೇಕಾದ್ದಿಲ್ಲ ಎನ್ನುವವರ ರೀತಿ ಇದು. ಪ್ರಶ್ನೆಯೇ ತಪ್ಪೆಂಬುದು ನನ್ನ ವಾದ. ಯಾವ ನೆಲದಲ್ಲಿ, ಯಾರ ಕೈಯಲ್ಲಿ, ಯಾರ ಪ್ರಾಣವನ್ನು ಪಣಕ್ಕಿಟ್ಟು ಎಂದು ಕೇಳದೆ ಟ್ಯಾಂಕಿನ ಗುಣದೋಷ ಹೇಳುವಂತಿಲ್ಲ.

ಕೋಷ್ಟಕವೇ ನಿಜವಾಗಿದ್ದರೆ 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಗೆಲ್ಲಬೇಕಾಗಿತ್ತು. ಅವುಗಳನ್ನು ಎದುರಿಸಿದ ನಮ್ಮ ಪಡೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದ ಶರ್ಮನ್‌ಗಳೂ ಇದ್ದವು. ಆದರೆ ನಮ್ಮವರು ಗದ್ದೆಗಳಿಗೆ ನೀರು ಹಾಯಿಸಿ ಕೆಸರು ಮಾಡಿ, ಆಳೆತ್ತರದ ಕಬ್ಬಿನ ಮರೆಯಲ್ಲಿ ಕಾದು ಕುಳಿತರು. ಅಬ್ದುಲ್ ಹಮೀದರು ಜೀಪಿನ ಮೇಲಿನ ತೋಪಿನಿಂದಲೇ ಪ್ಯಾಟನ್‌ಗಳನ್ನು ಹೊಡೆದು ಪ್ರಾಣ ತೆತ್ತರು. ಅದಕ್ಕೂ ಹಿಂದೆ, 1948ರ ನವೆಂಬರ್ 1ರಂದು, ನಮ್ಮ ಕೊಡಗಿನ ತಿಮ್ಮಯ್ಯನವರು ಜೋಜಿಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದರು. ಕೋಷ್ಟಕದಲ್ಲಿ ಆ ಹಗುರ ಟ್ಯಾಂಕಿಗೆ ಕೊನೆಯ ಸಾಲು. ಆದರೂ ಗೆದ್ದಿತು, ಏಕೆಂದರೆ ಯಾವ ಟ್ಯಾಂಕೂ ಬಾರದೆಂದು ಶತ್ರು ನಂಬಿದ್ದ ಎತ್ತರಕ್ಕೆ ಅದು ಹೋಯಿತು.

ಇಂದಿನ ಜಗಳಕ್ಕೆ ಬರೋಣ. ನಮ್ಮಲ್ಲಿ ಎರಡು ಪಕ್ಷಗಳಿವೆ. ಸ್ವದೇಶಿ ಎಂಬ ಒಂದೇ ಕಾರಣಕ್ಕೆ ‘ಅರ್ಜುನ’ನನ್ನು ಹೊಗಳುವವರು ಒಂದು ಕಡೆ. ಅದರ ಮಾರ್ಕ್-1ಎ ಮಾದರಿ ಸುಮಾರು 68 ಟನ್ ತೂಗುತ್ತದೆ. ಕಾಲುವೆಗಳು ಹೆಣೆದ ಪಂಜಾಬಿನಲ್ಲಿ ಆ ಭಾರವನ್ನು ಯಾವ ಸೇತುವೆ ಹೊರಬೇಕೆಂದು ಕೇಳಿದರೆ ದೇಶಭಕ್ತಿಯ ಭಾಷಣ ಬರುತ್ತದೆಯೇ ಹೊರತು ಉತ್ತರವಿಲ್ಲ.

ರಷ್ಯದ ಟಿ-90ರ ಪಕ್ಷದವರು ಇನ್ನೊಂದು ಕಡೆ. ಹಗುರ, ಗಿಡ್ಡ, ಅಗ್ಗ ಎನ್ನುತ್ತಾರೆ, ಮೂರೂ ನಿಜ. ಗುಂಡು ತುಂಬಲು ಯಂತ್ರವಿರುವುದರಿಂದ ಮೂವರೇ ಸಾಕು. ಆದರೆ ಆ ಯಂತ್ರದ 22 ಗುಂಡುಗಳು ಆ ಮೂವರಲ್ಲಿ ಇಬ್ಬರ ಕಾಲಡಿಯಲ್ಲೇ ವೃತ್ತಾಕಾರವಾಗಿ ಕುಳಿತಿರುತ್ತವೆ ಎಂಬುದನ್ನು ಮೆಲ್ಲನೆ ನುಂಗುತ್ತಾರೆ. ಅದೇ ವಂಶದ ಟಿ-72ಗಳ ಗೋಪುರಗಳು ಹಾರಿಬಿದ್ದ ಚಿತ್ರಗಳನ್ನು 2022ರಿಂದ ಉಕ್ರೇನಿನಲ್ಲಿ ಲೋಕವೇ ನೋಡಿದೆ. ಅಮೆರಿಕದ ಅಬ್ರಾಮ್ಸ್ ಟ್ಯಾಂಕಿನಲ್ಲಿ ಹೆಚ್ಚಿನ ಗುಂಡುಗಳು ಗೋಪುರದ ಹಿಂಭಾಗದಲ್ಲಿ, ಉಕ್ಕಿನ ಬಾಗಿಲಾಚೆ ಇರುತ್ತವೆ. ಅವು ಸಿಡಿದರೆ ಮೇಲಿನ ಹಲಗೆಗಳು ಕಿತ್ತುಹೋಗಿ ಬೆಂಕಿ ಆಕಾಶಕ್ಕೆ ಹೋಗುತ್ತದೆ, ಆಳುಗಳು ಉಳಿಯಬಹುದು. ಆ ಟ್ಯಾಂಕಿಗೂ ದೋಷವಿಲ್ಲದಿಲ್ಲ: ಅರುವತ್ತು ಟನ್ನಿಗೆ ಮೀರಿದ ಭಾರ, ನಾಲ್ಕನೆಯ ಆಳು, ಸುಮಾರು 1,900 ಲೀಟರ್ ಇಂಧನ ತುಂಬಿಸಿಕೊಳ್ಳುವ ಬಕಾಸುರನ ಹೊಟ್ಟೆ.

ಲೆಪರ್ಡ್-2 ಬಂದರೆ ಮುಗಿಯಿತು ಎಂದವರೂ ಇದ್ದರು. 2023ರ ಜೂನಿನಲ್ಲಿ ಜಪೋರಿಜಿಯಾದ ನೆಲಬಾಂಬುಗಳ ನಡುವೆ ಅವೂ ಸಿಕ್ಕಿಬಿದ್ದವು. ಆಮೇಲೆ ಆಕಾಶದಿಂದ ಅಗ್ಗದ ಡ್ರೋನುಗಳು ಬಂದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಹಾಗಾದರೆ ಟ್ಯಾಂಕಿನ ಕಾಲವೇ ಮುಗಿಯಿತೇ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಗುಂಡಿನ ಮಳೆಯಲ್ಲಿ ಪದಾತಿಗೆ ದಾರಿ ಮಾಡಿಕೊಡುವ ಬೇರೆ ಯಂತ್ರವನ್ನು ಯಾರೂ ತೋರಿಸಿಲ್ಲ. ಗುಣದೋಷ ತೂಗಬೇಡಿ ಎಂದೂ ನಾನು ಹೇಳುತ್ತಿಲ್ಲ. ತಕ್ಕಡಿ ಬದಲಾಗಲಿ ಎನ್ನುತ್ತೇನೆ. 2020ರ ಲಡಾಖ್ ಘರ್ಷಣೆಯ ನಂತರ ಬೆಟ್ಟಗಳಿಗೆಂದೇ ಸುಮಾರು 25 ಟನ್ನಿನ ‘ಜೋರಾವರ್’ ರೂಪಿಸಿ 2024ರಲ್ಲಿ ಹೊರತೋರಿಸಿದೆವು. ಜೋಜಿಲಾದಲ್ಲಿ 1948ರಲ್ಲೇ ಕಲಿತ ಪಾಠವನ್ನು ಮತ್ತೆ ಓದಲು ಇಷ್ಟು ವರ್ಷ ಬೇಕಾಯಿತೇ?

ಟ್ಯಾಂಕು ಕೊಳ್ಳುವ ಹಣ ನಮ್ಮದು, ಒಳಗೆ ಕೂರುವ ಹುಡುಗರೂ ನಮ್ಮವರೇ. ಆದ್ದರಿಂದ ಯಾವ ಪಂಡಿತರು ಕೋಷ್ಟಕ ಹಿಡಿದು ಬಂದರೂ ಮೂರು ಮಾತು ಕೇಳಿರಿ. ಇದು ಹೋಗಬೇಕಾದ ನೆಲ ಇದನ್ನು ಹೊತ್ತೀತೇ? ಕೆಟ್ಟು ನಿಂತರೆ ರಿಪೇರಿಗೆ ಬಿಡಿಭಾಗ ಎಲ್ಲಿಂದ ಬಂದೀತು? ಏಟು ಬಿದ್ದಾಗ ಒಳಗಿನವರು ಜೀವಸಹಿತ ಹೊರಬಂದಾರೇ? ಇದಕ್ಕೆ ಉತ್ತರವಿಲ್ಲದಿದ್ದರೆ ಆ ಕೋಷ್ಟಕವನ್ನು ಅವರಿಗೇ ಹಿಂತಿರುಗಿಸಿರಿ.