ಆಟದ ಕಂಪ್ಯೂಟರು ಮತ್ತು ಮನೆಯ ಹಣ

ಮಗನಿಗೋ ಮಗಳಿಗೋ ಗೇಮಿಂಗ್ ಕಂಪ್ಯೂಟರ್ ಕೊಡಿಸಬಹುದೇ ಎಂದು ಕಳೆದ ಒಂದೆರಡು ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕೈದು ಮಂದಿಯಾದರೂ ಕೇಳಿದ್ದಾರೆ. ಒಂದು ಕಾಲಕ್ಕೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪುಸ್ತಕದ ಮರೆಯಲ್ಲಿ ಚುಕ್ಕಿ ಆಟ ಆಡುತ್ತಿದ್ದವರೇ ಇಂದು "ಸಾರ್, ಇವನಿಗೆ ಆಟದ ಹುಚ್ಚು" ಎಂದು ದೂರುವುದನ್ನು ಕೇಳಿದಾಗ ಒಳಗೊಳಗೇ ನಗು ಬರುತ್ತದೆ. ಇರಲಿ. ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ಎಷ್ಟು ಹೊತ್ತು ಆಡಬೇಕೆಂಬುದನ್ನು ಆಯಾ ಮನೆಯವರು ತೀರ್ಮಾನಿಸಲಿ. ಕೊಡಿಸುವುದೆಂದು ನಿಶ್ಚಯಿಸಿದ ಮೇಲೆ ಹಣವನ್ನು ಹೇಗೆ ಹಂಚಬೇಕು, ಆ ಹಂಚಿಕೆಯನ್ನು ಯಾರು ಮಾಡಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊತ್ತವನ್ನು ತಂದೆತಾಯಿಗಳು ನಿಗದಿಪಡಿಸಬೇಕು. ಬಿಡಿಭಾಗಗಳನ್ನು ಮಕ್ಕಳು ಆರಿಸಬೇಕು. ಹಿರಿಯರು ಪಟ್ಟು ಹಿಡಿದು ಮಾತನಾಡಬೇಕಾದದ್ದು ಎರಡೇ ವಿಷಯಗಳಲ್ಲಿ. ಒಂದು, ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆ. ಇನ್ನೊಂದು, ಮನೆಯ ಭೂಸಂಪರ್ಕ. ಈಗ ಬಹುತೇಕ ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುವುಮುರುವು. ಪ್ರೊಸೆಸರನ್ನು ತಂದೆ ಆರಿಸುತ್ತಾರೆ, ಬಣ್ಣದ ದೀಪಗಳನ್ನು ಮಗ ಆರಿಸುತ್ತಾನೆ, ಎಸ್‌ಎಂಪಿಎಸ್ಸನ್ನು ಅಂಗಡಿಯವನ ಮರ್ಜಿಗೆ ಬಿಡುತ್ತಾರೆ.

ನನ್ನ ವಿದ್ಯಾರ್ಥಿಯೊಬ್ಬ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾನೆ. 2025ರ ಜೂನ್ ತಿಂಗಳಲ್ಲಿ ಅವನ ಚೀಟಿ ಹಣ ಕೈಗೆ ಬಂದಿತ್ತು. ಅದರಲ್ಲಿ 60,000 ರೂಪಾಯಿಗಳನ್ನು ಪ್ರಥಮ ಪಿಯುಸಿ ಓದುತ್ತಿದ್ದ ಮಗಳ ಕಂಪ್ಯೂಟರಿಗೆಂದು ತೆಗೆದಿರಿಸಿದ್ದ. ಅಂಗಡಿಯೊಂದರಿಂದ ಬರೆಸಿಕೊಂಡು ಬಂದ ಪಟ್ಟಿಯನ್ನು ನನಗೆ ತೋರಿಸಿದ. ಹಳೆಯ ಪೀಳಿಗೆಯ ಐ7 ಪ್ರೊಸೆಸರು, ನಾಲ್ಕು ಫ್ಯಾನುಗಳು ಮಿನುಗುವ ಗಾಜಿನ ಕ್ಯಾಬಿನೆಟ್ಟು, ಜೊತೆಗೆ "4 ಜಿಬಿ ಗ್ರಾಫಿಕ್ಸ್ ಕಾರ್ಡ್". ಈ ಕೊನೆಯದರ ಹೆಸರನ್ನು ಕೇಳಿ ಬರೆಸಿಕೊಂಡು ಬಾ ಎಂದು ಮತ್ತೆ ಕಳುಹಿಸಿದೆ. ಅದು ಜಿಟಿ 730, ಅಂದರೆ 2014ರಲ್ಲಿ ಮಾರುಕಟ್ಟೆಗೆ ಬಂದ ಕಾರ್ಡು! ಪರದೆಯ ಮೇಲೆ ಚಿತ್ರ ಮೂಡಿಸಲು ಅದು ಸಾಕು; ಇಂದಿನ ಆಟಗಳಿಗೆ ಸಾಲದು. 4 ಜಿಬಿ ಎಂಬುದು ಆ ಕಾರ್ಡಿನಲ್ಲಿರುವ ಮೆಮೊರಿಯ ಅಳತೆಯೇ ಹೊರತು ಅದರ ದುಡಿಮೆಯ ಅಳತೆಯಲ್ಲ. ಉಗ್ರಾಣ ದೊಡ್ಡದಿದ್ದ ಮಾತ್ರಕ್ಕೆ ಅಡುಗೆ ಬೇಗ ಆಗುವುದೇ?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಪಟ್ಟಿಗಳನ್ನು ಕಂಡೇ ಇರಬೇಕು. ನಾನು ಆ ಹುಡುಗಿಗೆ ಒಂದು ವಾರದ ಸಮಯ ಕೊಟ್ಟೆ. ಇದೇ 60,000ದೊಳಗೆ, ಮಾನಿಟರನ್ನೂ ಸೇರಿಸಿ, ನೀನೇ ಒಂದು ಪಟ್ಟಿ ಮಾಡು. ಪ್ರತಿಯೊಂದು ವಸ್ತುವಿನ ಎದುರಿಗೂ ಅದೇ ಏಕೆ ಎಂದು ಒಂದು ಸಾಲು ಬರೆ ಎಂದೆ.

ಅವಳು ಮೊದಲು ಮಾಡಿದ ಕೆಲಸವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ತಾನು ಆಡಬೇಕೆಂದಿರುವ ಆಟಗಳ ಹೆಸರುಗಳನ್ನು ಬರೆದುಕೊಂಡಳು. ಆಟ ಯಾವುದೆಂದು ತಿಳಿಯದೆ ಕಂಪ್ಯೂಟರು ಕೊಳ್ಳುವುದೆಂದರೆ ಮೈ ಅಳತೆಯಿಲ್ಲದೆ ಅಂಗಿ ಹೊಲಿಸಿದಂತೆ. ಅವಳ ತಂದೆಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ವ್ಯಾಲರಂಟ್, ಮೈನ್‌ಕ್ರಾಫ್ಟ್‌ನಂಥ ಹಗುರವಾದ ಆಟಗಳಷ್ಟೇ ಸಾಕೆನ್ನುವವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಅಗತ್ಯವೇ ಇಲ್ಲ. ರೈಜೆನ್ 5 5600ಜಿಯಂತಹ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಆ ಕೆಲಸವನ್ನು ನಿಭಾಯಿಸುತ್ತದೆ. ಇಪ್ಪತ್ತು ಸಾವಿರದಷ್ಟು ಹಣ ಉಳಿಯುತ್ತದೆ. ಆದರೆ ಸೈಬರ್‌ಪಂಕ್ 2077ರಂತಹ ಆಟ ಬೇಕೆಂದರೆ ಲೆಕ್ಕವೇ ಬೇರೆ. ಇವಳ ಪಟ್ಟಿಯಲ್ಲಿ ಎರಡೂ ಬಗೆಯವು ಇದ್ದವು.

ಅನಂತರ ಪರದೆ. ಗಣಿತದ ಮೇಷ್ಟ್ರಾದ ನನಗೆ ಇದು ಪ್ರಿಯವಾದ ಭಾಗ, ಸ್ವಲ್ಪ ಸಹಿಸಿಕೊಳ್ಳಿ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಚಿತ್ರ ತಡವರಿಸದೆ ನುಣುಪಾಗಿ ಚಲಿಸಬೇಕಾದರೆ ಒಂದು ಸೆಕೆಂಡಿಗೆ 60 ಚಿತ್ರಗಳಾದರೂ ಬೇಕು. ಅಂದರೆ ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕೆಗಳ ಬಣ್ಣವನ್ನು ಯಂತ್ರ ಹೊಸದಾಗಿ ಲೆಕ್ಕ ಹಾಕುತ್ತಿರಬೇಕು. ಈ ಹೊರೆಯ ಬಹುಪಾಲನ್ನು ಹೊರುವುದು ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರಲ್ಲ. ಅದೇ 4ಕೆ ಪರದೆಯಾದರೆ ಚುಕ್ಕೆಗಳು ಸರಿಯಾಗಿ ನಾಲ್ಕು ಪಟ್ಟು, 82,94,400. ಕಡಿಮೆ ಹಣದ ಕಾರ್ಡಿಗೆ 4ಕೆ ಪರದೆ ಜೋಡಿಸುವುದು ಎಳೆಗರುವಿನ ಹೆಗಲಿಗೆ ನೊಗ ಇಟ್ಟಂತೆ. ಆದ್ದರಿಂದ ಪರದೆಯನ್ನು ನಿರ್ಧರಿಸದೆ ಕಾರ್ಡನ್ನು ನಿರ್ಧರಿಸಲಾಗದು. ಇವಳು 24 ಅಂಗುಲದ, 100 ಹರ್ಟ್ಜ್‌ನ ಫುಲ್ ಎಚ್‌ಡಿ ಮಾನಿಟರನ್ನು ಆರಿಸಿದಳು. ಸರಿಯಾಗಿಯೇ ಆರಿಸಿದಳು.

ಮೊದಲ ಆಟದ ಕಂಪ್ಯೂಟರಿನ ಹಣದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು. ಪ್ರೊಸೆಸರಿಗೆ ಅದರ ಅರ್ಧ ಸಾಕು. ಇದು ನನ್ನ ಮತ. ಇದನ್ನು ಹೇಳಿದರೆ ತಂದೆಯರಿಗೆ ಕಸಿವಿಸಿಯಾಗುತ್ತದೆ. "ಐ3 ಹಾಕಿಸಿದೆ" ಎಂದು ನೆಂಟರ ಮುಂದೆ ಹೇಳಿಕೊಳ್ಳುವುದು ಹೇಗೆ? ಐ7 ಎಂದರೆ ಒಂದು ಗತ್ತು. ಆದರೆ ಆಟದ ಮಟ್ಟಿಗೆ ಹೇಳುವುದಾದರೆ, ಕಾರ್ಡಿಲ್ಲದ ಐ7ಕ್ಕಿಂತ ಒಳ್ಳೆಯ ಕಾರ್ಡಿನ ಜೊತೆಗಿರುವ ಐ3 ಎಷ್ಟೋ ಮೇಲು. ಹುಡುಗಿ 2022ರಲ್ಲಿ ಬಂದ ಐ3-12100ಎಫ್ ಪ್ರೊಸೆಸರನ್ನೂ, 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600 ಕಾರ್ಡನ್ನೂ ಬರೆದಿದ್ದಳು. ಕಾರ್ಡಿಗೆ ಸುಮಾರು 22,000, ಪ್ರೊಸೆಸರಿಗೆ ಸುಮಾರು 8,000. ಎರಡೂ ಒಂದೇ ಹದದ ಎತ್ತುಗಳು. ಒಂದು ಏರಿಗೆಳೆದು ಇನ್ನೊಂದು ನೀರಿಗೆಳೆಯುವ ಜೋಡಿಯಲ್ಲ. ಪ್ರೊಸೆಸರಿನ ಹೆಸರಿನ ಕೊನೆಯಲ್ಲಿರುವ ಎಫ್ ಅಕ್ಷರವನ್ನು ಗಮನಿಸಿ: ಅದರೊಳಗೆ ಗ್ರಾಫಿಕ್ಸ್ ಇಲ್ಲ ಎಂದು ಅದರ ಅರ್ಥ. ಬೇರೆ ಕಾರ್ಡು ಕೊಳ್ಳದವರು ಎಫ್ ಇರುವ ಪ್ರೊಸೆಸರು ತಂದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಅಗ್ಗವೆಂದು ಹಳೆಯ ಕಚೇರಿ ಕಂಪ್ಯೂಟರು ತಂದು ಅದಕ್ಕೊಂದು ಕಾರ್ಡು ಸಿಕ್ಕಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಇಂಟೆಲ್‌ನಲ್ಲಾದರೆ, ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರುಗಳನ್ನು. ನಾಲ್ಕನೆಯ ಪೀಳಿಗೆಯ ಐ7 ಎಷ್ಟು ಅಗ್ಗವಾಗಿ ಸಿಕ್ಕರೂ ಇಂದು ಅದನ್ನು ಮಕ್ಕಳಿಗೆ ಕೊಡಿಸಬೇಡಿ. ಲ್ಯಾಪ್‌ಟಾಪ್ ವಿಷಯ ಎರಡೇ ಮಾತು: ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ ಅದು ಅನಿವಾರ್ಯ, ಮನೆಯಲ್ಲೇ ಇರುವವರಿಗೆ ಅದೇ ಹಣದಲ್ಲಿ ಡೆಸ್ಕ್‌ಟಾಪೇ ಹೆಚ್ಚು ದುಡಿಯುತ್ತದೆ, ಮೂರು ವರ್ಷ ಕಳೆದು ಕಾರ್ಡನ್ನಷ್ಟೇ ಬದಲಿಸಲೂಬಹುದು.

ಈಗ ನಾನು ಪಟ್ಟು ಹಿಡಿಯುವ ವಿಷಯಕ್ಕೆ ಬರುತ್ತೇನೆ. ಹುಡುಗಿಯ ಪಟ್ಟಿಯಲ್ಲಿ ಎಲ್ಲದಕ್ಕೂ ಕಾರಣವಿತ್ತು, ಒಂದಕ್ಕೆ ಮಾತ್ರ ಇರಲಿಲ್ಲ. ಎಸ್‌ಎಂಪಿಎಸ್ ಎದುರಿಗೆ "ಕ್ಯಾಬಿನೆಟ್ ಜೊತೆ ಉಚಿತ, 450 ವ್ಯಾಟ್" ಎಂದಿತ್ತು. ಅದರ ಮೈಮೇಲಿನ ಚೀಟಿಯ ಚಿತ್ರ ತರಿಸಿ ಇಬ್ಬರೂ ಓದಿದೆವು. 12 ವೋಲ್ಟಿನ ಎದುರಿಗೆ 18 ಆಂಪಿಯರ್ ಎಂದು ಬರೆದಿತ್ತು. ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ಬರುತ್ತದೆ. ಹತ್ತನೆಯ ತರಗತಿಯಲ್ಲಿ ನಿಮ್ಮೆಲ್ಲರಿಗೂ ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಪ್ರೊಸೆಸರು ಮತ್ತು ಕಾರ್ಡು ಶಕ್ತಿಯನ್ನು ಎಳೆದುಕೊಳ್ಳುವುದು ಬಹುತೇಕ ಈ 12 ವೋಲ್ಟಿನ ಸಾಲಿನಿಂದಲೇ. ಆ ಪ್ರೊಸೆಸರು ಗರಿಷ್ಠ 89 ವ್ಯಾಟ್, ಆ ಕಾರ್ಡು 132 ವ್ಯಾಟ್ ಬೇಡುತ್ತವೆ. ಕೂಡಿಸಿದರೆ 221. ಹೊರಗೆ 450 ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ಪೆಟ್ಟಿಗೆಗೆ ಇವೆರಡರ ಹಸಿವನ್ನು ತೀರಿಸುವ ಶಕ್ತಿಯೂ ಇರಲಿಲ್ಲ. ಮದರ್‌ಬೋರ್ಡು, ಫ್ಯಾನುಗಳು, ಎಸ್‌ಎಸ್‌ಡಿ ಇವೆಲ್ಲ ಇನ್ನೂ ಬಾಕಿ.

ಇಂಥ ಪೆಟ್ಟಿಗೆ ಕೆಟ್ಟಾಗ ತಾನೊಂದೇ ಕೆಡುವುದಿಲ್ಲ ಎಂಬುದೇ ದೊಡ್ಡ ಸಂಕಟ. ನನ್ನ ಸೋದರಳಿಯನ ಮನೆಯಲ್ಲಿ ಅಂಗಡಿಯವರು ಉಚಿತವಾಗಿ ಕೊಟ್ಟಿದ್ದ ಎಸ್‌ಎಂಪಿಎಸ್ ಏಳನೆಯ ತಿಂಗಳಲ್ಲಿ ಸುಟ್ಟಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಎರಡು ಸಾವಿರ ಉಳಿಸಲು ಹೋಗಿ ಎಂಟು ಸಾವಿರ ಕಳೆದದ್ದಾಯಿತು. ಹುಡುಗಿ ಕ್ಯಾಬಿನೆಟ್ಟಿನ ದೀಪಗಳನ್ನು ಕೈಬಿಟ್ಟು, ಸುಮಾರು 4,000 ರೂಪಾಯಿಯ, 12 ವೋಲ್ಟಿನಲ್ಲಿ 45 ಆಂಪಿಯರ್ ಕೊಡಬಲ್ಲ 550 ವ್ಯಾಟಿನ ಎಸ್‌ಎಂಪಿಎಸ್ ಬರೆದಳು. ಅದರ ಮೇಲಿದ್ದ 80 ಪ್ಲಸ್ ಕಂಚಿನ ಮುದ್ರೆಯನ್ನು ತೋರಿಸಿದಳು. ಆ ಮುದ್ರೆ ಹೇಳುವುದು ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ, ಪೆಟ್ಟಿಗೆ ಎಷ್ಟು ಗಟ್ಟಿ ಎಂಬುದನ್ನಲ್ಲ. ಐದು ವರ್ಷದ ವಾರಂಟಿ ಇದೆಯೇ ನೋಡು ಎಂದೆ. ಇತ್ತು.

ಇನ್ನು ಭೂಸಂಪರ್ಕ. ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಹಳೆಯ ಮನೆಗಳವರು ಹೇಳುವುದನ್ನು ಕೇಳಿದ್ದೇನೆ. ಅದು ಕಂಪ್ಯೂಟರಿನ ದೋಷವಲ್ಲದಿರಬಹುದು. ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಗೆ ಗೋಡೆಯೊಳಗೆ ತಂತಿಯೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಕಂಪ್ಯೂಟರು ಮನೆಗೆ ಬರುವ ಮೊದಲು ಎಲೆಕ್ಟ್ರಿಷಿಯನ್ ಬಂದು ಹೋಗಲಿ. ಯುಪಿಎಸ್ ಕೊಳ್ಳುವವರು 600 ವಿಎ ಎಂಬ ಅಂಕಿಯನ್ನು ವ್ಯಾಟ್ ಎಂದು ಭ್ರಮಿಸಬಾರದು. ಅದು ಸಾಮಾನ್ಯವಾಗಿ 360 ವ್ಯಾಟಿನ ಆಸುಪಾಸು.

ಕರೆಂಟಿನ ಖರ್ಚನ್ನೂ ಮಕ್ಕಳಿಂದಲೇ ಲೆಕ್ಕ ಹಾಕಿಸಿ. ಮಾನಿಟರೂ ಸೇರಿ 300 ವ್ಯಾಟ್, ದಿನಕ್ಕೆ ಮೂರು ಗಂಟೆ. ತಿಂಗಳಿಗೆ 27 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತ ಮಿತಿ ಗೊತ್ತುಪಡಿಸಿದ್ದಾರೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. 180ರ ಹತ್ತಿರವಿರುವ ಮನೆಗೆ ಈ 27 ಸಣ್ಣ ಸಂಖ್ಯೆಯಲ್ಲ.

ಬೆಲೆಯ ಬಗ್ಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ್ದು 2025ರ ಜೂನ್ ತಿಂಗಳ ಲೆಕ್ಕ. ಆಗ 16 ಜಿಬಿ ರ‍್ಯಾಮ್‌ಗೆ ಸುಮಾರು ಮೂರೂವರೆ ಸಾವಿರ ಸಾಕಿತ್ತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೈತ್ಯ ಕೇಂದ್ರಗಳು ಮೆಮೊರಿಯನ್ನೆಲ್ಲ ಎಳೆದುಕೊಳ್ಳತೊಡಗಿ ಬೆಲೆ ಎರಡು ಪಟ್ಟನ್ನೂ ಮೀರಿತು. ಕ್ರೂಷಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಘೋಷಿಸಿತು. ಇಂಥ ಕಾಲದಲ್ಲಿ 8 ಜಿಬಿಯ ಎರಡು ಕಡ್ಡಿಗಳ ಬದಲು ಸದ್ಯಕ್ಕೆ ಒಂದನ್ನೇ ಹಾಕಿ, ಎರಡನೆಯದನ್ನು ಬೆಲೆ ಇಳಿದಾಗ ಸೇರಿಸಬಹುದು. ಆಟದ ವೇಗ ಕುಗ್ಗುತ್ತದೆ, ನಿಜ. ಸಾಲ ಮಾಡುವುದಕ್ಕಿಂತ ವಾಸಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಬಾಯಿಮಾತಿನಲ್ಲಿ ಕಲಿಸುವುದಕ್ಕಿಂತ ಇಂಥ ಪಟ್ಟಿಯೊಂದನ್ನು ಹೊಡೆದು ತಿದ್ದಿಸುವುದು ಹೆಚ್ಚು ಫಲ ಕೊಡುತ್ತದೆ ಎಂದೇ ಆಯ್ಕೆ ಮಕ್ಕಳದಾಗಲಿ ಎನ್ನುತ್ತಿದ್ದೇನೆ. ದೀಪ ಬೇಕೋ ಎಸ್‌ಎಂಪಿಎಸ್ ಬೇಕೋ ಎಂದು ತಾನೇ ತೂಗಿದ ಹುಡುಗಿ ತಂದೆಯ ಹೊಲಿಗೆ ಯಂತ್ರದ ಗಂಟೆಗಳನ್ನೂ ತೂಗಿರುತ್ತಾಳೆ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಕನಿಷ್ಠ ಮೂರು ಅಂಗಡಿಗಳಲ್ಲಿ ಬೆಲೆ ಕೇಳಿ, ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಕ್ರಮಸಂಖ್ಯೆಯನ್ನೂ ಬರೆಸಿಕೊಳ್ಳಿ. ಬಿಲ್ಲಿಲ್ಲದೆ ಕಡಿಮೆ ಮಾಡಿಕೊಡುತ್ತೇನೆಂದರೆ ಒಪ್ಪಬೇಡಿ. ಕಾರ್ಡು ಕೆಟ್ಟ ದಿನ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬಳಸಿದ ಕಾರ್ಡುಗಳೂ ಸಿಗುತ್ತವೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಾಗ ಹಗಲಿರುಳು ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಮಾರಾಟಕ್ಕೆ ಬಂದವು. ಎದುರಿಗೇ ಅರ್ಧ ಗಂಟೆ ಆಟ ಓಡಿಸಿ ತೋರಿಸದವರಿಂದ ಅಂಥದ್ದನ್ನು ಕೊಳ್ಳಬೇಡಿ.

ಜೋಡಿಸುವ ಕೆಲಸವನ್ನೂ ಮಕ್ಕಳೇ ಮಾಡಲಿ, ಭಯ ಬೇಡ. ಎರಡು ಸಂಗತಿಗಳನ್ನು ಮಾತ್ರ ನೆನಪಿಸಿ. ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಬೇಕು, ಮೇಲೆ ಮದರ್‌ಬೋರ್ಡಿನಲ್ಲಿ ಕಾಣುವ ಕಿಂಡಿಗಲ್ಲ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 60ರಲ್ಲಿ ನಿಂತಿರುವ ಹರ್ಟ್ಜನ್ನು 100ಕ್ಕೆ ಬದಲಿಸಬೇಕು; ಎಷ್ಟೋ ಮನೆಗಳಲ್ಲಿ ನೂರರ ಹಣ ಕೊಟ್ಟು ಅರವತ್ತನ್ನೇ ನೋಡುತ್ತಿರುತ್ತಾರೆ.