ಕೆಟ್ಟ ಗಾಡಿಯ ಹೊರೆ ಊರಿನ ಮೇಲೆ ಬೇಡ

ಆತ್ಮೀಯ ಆಫ್‌ರೋಡ್ ಗೆಳೆಯರೇ,

ಮಳೆ ಹಿಡಿಯುತ್ತಿದ್ದಂತೆ ಶುಕ್ರವಾರ ರಾತ್ರಿ ಬೆಂಗಳೂರು, ಮೈಸೂರುಗಳಿಂದ ಹೊರಟ ಜೀಪುಗಳು ಶನಿವಾರ ಬೆಳಗಾಗುವಷ್ಟರಲ್ಲಿ ಸಕಲೇಶಪುರ, ಮೂಡಿಗೆರೆ, ಕಳಸ, ಸೋಮವಾರಪೇಟೆಯ ಬೆಟ್ಟಗಳ ಬುಡ ಸೇರಿರುತ್ತವೆ. ಆ ಸಾಲಿನಲ್ಲಿ ನಾನೂ ಇರುತ್ತೇನೆ. ಲೋ ಗೇರಿಗೆ ಹಾಕಿ, ಗೆಳೆಯನೊಬ್ಬ ಮುಂದೆ ನಿಂತು ಕೈಸನ್ನೆ ಮಾಡುತ್ತಿರಲು, ಕೆಸರಿನ ಏರನ್ನು ಇಂಚಿಂಚಾಗಿ ಹತ್ತುವ ಸುಖ ಎಂಥದೆಂದು ಬಲ್ಲೆ. ಹಾಗಾಗಿ ಈ ಹವ್ಯಾಸ ಬಿಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನನ್ನ ಬೇಡಿಕೆ ಒಂದೇ: ನಮ್ಮ ಗಾಡಿ ಕೆಟ್ಟು ನಿಂತಾಗ ಅದರ ಹೊರೆಯನ್ನು ನಾವೇ ಹೊರೋಣ. ಹಳ್ಳದ ಮೇಲೆ, ಹುಲ್ಲುಗುಡ್ಡದ ಮೇಲೆ, ಅಲ್ಲಿ ಬದುಕುವವರ ಮೇಲೆ ಅದನ್ನು ಹೇರುವುದು ಬೇಡ.

ಬೆಟ್ಟದ ದಾರಿಯಲ್ಲಿ ಗಾಡಿ ಕೆಡುವುದು ಸಹಜ. ಕಲ್ಲಿಗೆ ಬಡಿದು ಟೈ ರಾಡ್ ಬಾಗುತ್ತದೆ, ಆಕ್ಸಲ್ ಮುರಿಯುತ್ತದೆ, ಏರಿನಲ್ಲಿ ಹಾಫ್ ಕ್ಲಚ್‌ನಲ್ಲೇ ಹಿಡಿದು ನಿಲ್ಲಿಸಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ಇವು ತಪ್ಪುವುದಿಲ್ಲ. ಆದರೆ ಗಾಡಿ ಎಲ್ಲಿ ಕೆಟ್ಟಿತು, ಕೆಟ್ಟ ಮೇಲೆ ಯಾರು ಏನು ಮಾಡಬೇಕಾಯಿತು ಎಂಬುದು ಮಾತ್ರ ನಾವು ಮನೆ ಬಿಡುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ.

ಮೂಡಿಗೆರೆ ಸೀಮೆಯ ಹಳ್ಳವೊಂದರಲ್ಲಿ ನಮ್ಮ ಗುಂಪಿನ ಗಾಡಿಯೊಂದು ನಟ್ಟ ನಡುವೆ ಆಫ್ ಆಯಿತು. ಗಾಬರಿಯಲ್ಲಿ ಗೆಳೆಯ ಮತ್ತೆ ಸೆಲ್ಫ್ ಹೊಡೆದ. ಒಳಗಿನಿಂದ ಲೋಹ ಬಡಿದ ಸದ್ದು ಬಂತು, ಆಮೇಲೆ ಏನೂ ಇಲ್ಲ. ಏರ್ ಫಿಲ್ಟರ್ ದಾಟಿ ಎಂಜಿನ್ನಿನೊಳಕ್ಕೆ ನೀರು ನುಗ್ಗಿತ್ತು. ಗಾಳಿ ಒತ್ತಿದಷ್ಟೂ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗಿತು. ಅಷ್ಟರಲ್ಲಿ ಮೇಲೆ ಬೆಟ್ಟದಲ್ಲಿ ಸುರಿದ ಮಳೆ ಹಳ್ಳಕ್ಕೆ ಇಳಿಯತೊಡಗಿತ್ತು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಒಬ್ಬರು ನಡೆದುಕೊಂಡು ಊರಿಗೆ ಹೋಗಿ ಟ್ರ್ಯಾಕ್ಟರ್ ಕರೆತಂದರು. ನಾಟಿಯ ಕಾಲ. ಗದ್ದೆ ಉಳುತ್ತಿದ್ದ ಮನುಷ್ಯ ಕೆಲಸ ನಿಲ್ಲಿಸಿ ಬಂದಿದ್ದರು. ಸೊಂಟದವರೆಗಿನ ಕೆಂಪು ನೀರಿಗಿಳಿದು ಹಗ್ಗ ಕಟ್ಟಿದವರೂ ಅವರೇ. ಗಾಡಿ ದಡ ಸೇರಿತು, ಅವರ ದಿನದ ಬಾಡಿಗೆ ಕೊಟ್ಟೆವು. ಆದರೆ ಆ ನೀರಿನಲ್ಲಿ ಅವರ ಕಾಲು ಜಾರಿದ್ದರೆ ನಾವು ಕೊಡಬಹುದಾಗಿದ್ದ ಬೆಲೆ ಯಾವುದೂ ಇರಲಿಲ್ಲ. ಗಾಡಿಯ ಅಡಿಯಿಂದ ಹೊರಟ ಎಣ್ಣೆಯ ಪದರ ಹಳ್ಳದುದ್ದಕ್ಕೂ ತೇಲಿಹೋಗಿತ್ತು.

ಆ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಮಲೆನಾಡಿನಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಎಷ್ಟೋ ಒಂಟಿ ಮನೆಗಳಿಗೆ ಇಂದಿಗೂ ಬೋರ್‌ವೆಲ್ ಇಲ್ಲ. ಮೇಲಿನ ಹಳ್ಳಕ್ಕೆ ಪೈಪ್ ಹಾಕಿ, ಪಂಪಿಲ್ಲದೆ ಇಳಿಜಾರಿನಲ್ಲೇ ಹರಿಸಿಕೊಂಡ ನೀರು ಅವರ ಹಂಡೆಗೂ ಅಡುಗೆಗೂ ಬರುತ್ತದೆ. ದೊಡ್ಡ ಡೀಸೆಲ್ ಗಾಡಿಯೊಂದರ ಎಂಜಿನ್ನಿನಲ್ಲಿ ಐದಾರು ಲೀಟರ್ ಆಯಿಲ್ ಇರುತ್ತದೆ. ಗೇರ್ ಬಾಕ್ಸ್, ಡಿಫರೆನ್ಷಿಯಲ್‌ಗಳಲ್ಲಿರುವುದು ಬೇರೆ. ಬಂಡೆಗೆ ಬಡಿದು ಎಂಜಿನ್ನಿನ ಆಯಿಲ್ ಚೇಂಬರ್ ಒಡೆದರೆ ಅದರಲ್ಲಿರುವುದಷ್ಟೂ ಆ ಮನೆಗಳ ನೀರಿಗೆ ಸೇರುತ್ತದೆ.

ನಾವು ಗಾಡಿ ಹತ್ತಿಸುವ ಬೆಟ್ಟಗಳೂ ಸಾಮಾನ್ಯವಾದವಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವುದು ಕುದುರೆಮುಖದ ಗಂಗಾಮೂಲದಲ್ಲಿ. ಹೇಮಾವತಿಯ ಮೂಲ ಮೂಡಿಗೆರೆ ತಾಲ್ಲೂಕಿನ ಜಾವಳಿ. ಬೋಳಾಗಿ ಕಾಣುವ ಹುಲ್ಲುಗುಡ್ಡ ಮತ್ತು ಅದರ ಮಡಿಲಿನ ಶೋಲಾ ಕಾಡು ಸೇರಿ ಮಳೆಯನ್ನು ಹಿಡಿದಿಟ್ಟು ಬೇಸಿಗೆಯವರೆಗೂ ಒರತೆಯಾಗಿ ಬಿಡುತ್ತವೆ. ಒದ್ದೆ ಹುಲ್ಲಿನ ಮೇಲೆ ಚಕ್ರ ತಿರುಗಿ ನಿಂತಲ್ಲೇ ಕೊರೆದರೆ ಬೇರಿನ ಚಾಪೆ ಹರಿಯುತ್ತದೆ. ಆ ಚಡಿಯಲ್ಲಿ ಮುಂದಿನ ಮಳೆಯ ನೀರು ಹರಿದು ಮಣ್ಣು ಕೊಚ್ಚಿ ಕೊರಕಲಾಗುತ್ತದೆ. ಒಂದು ಗಾಡಿ ಹೂತ ಜಾಗವನ್ನು ತಪ್ಪಿಸಲು ಹಿಂದಿನವನು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಮಾಡುತ್ತಾನೆ, ಅವನ ಹಿಂದಿನವನು ಇನ್ನೊಂದು. ಒಂದೇ ಮಳೆಗಾಲದಲ್ಲಿ ಎತ್ತಿನ ಗಾಡಿಯ ಅಗಲದ ದಾರಿ ಕೆಂಪು ಗಾಯವಾಗಿ ಹರಡುವುದು ಹೀಗೆ.

ಹಳ್ಳದಲ್ಲಿ ಇನ್ನೂ ಸಣ್ಣ ಜೀವಗಳಿವೆ. ಉತ್ತರ ಕನ್ನಡದ ಕತ್ತಲೆಕಾನಿನ ಸುತ್ತಮುತ್ತ ಕಂಡುಬಂದು, 2014ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ ಕುಂಬಾರ ಕಪ್ಪೆಯ ಗಂಡು, ತೊರೆಯ ಪಕ್ಕದ ಮೊಟ್ಟೆಗಳಿಗೆ ತನ್ನ ಕೈಯಾರೆ ಮಣ್ಣು ಮೆತ್ತಿ ಕಾಪಾಡುತ್ತದೆ. ಘಟ್ಟದ ಹಲವು ಕಪ್ಪೆಗಳು ಸಂತಾನಕ್ಕೆ ಕಾಯುವುದು ನಾವು ಜೀಪು ಹೊರಡಿಸುವ ಇದೇ ಮಳೆಯ ವಾರಗಳನ್ನು. ವಿಡಿಯೋಗಾಗಿ ತೊರೆಯಲ್ಲಿ ಹಿಂದೆ ಮುಂದೆ ಓಡಿಸುವ ಪ್ರತಿ ಸಲವೂ ಚಕ್ರ ಉರುಳುವುದು ಇಂಥ ಬದುಕಿನ ಮೇಲೆ.

ಆದ್ದರಿಂದ ಕೆಲವು ವಿಷಯಗಳಲ್ಲಿ ನಾವೆಲ್ಲ ಮಾತಿಗೆ ಬದ್ಧರಾಗೋಣ ಎಂದು ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಹೋಗುವ ಜಾಗ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗೂಗಲ್ ಮ್ಯಾಪಿನಲ್ಲಿ ಗೆರೆ ಕಂಡ ಮಾತ್ರಕ್ಕೆ ಅದು ಸಾರ್ವಜನಿಕ ರಸ್ತೆಯಲ್ಲ. ಒಡೆಯರ ಒಪ್ಪಿಗೆ ಪಡೆದು ಎಸ್ಟೇಟಿನ ಹಾದಿಗಳಲ್ಲಿ ಓಡಿಸೋಣ. ಕೊಡಚಾದ್ರಿ, ಮಾಂದಲಪಟ್ಟಿಯಂಥ ಕಡೆ ಸ್ಥಳೀಯರ ಬಾಡಿಗೆ ಜೀಪುಗಳಿವೆ. ದಿನವೂ ಅದೇ ದಾರಿ ಹತ್ತಿ ಇಳಿಯುವ ಆ ಚಾಲಕರ ಪಕ್ಕದಲ್ಲಿ ಕೂತು ಹೋಗಿ. ಕಲಿಯುವುದೂ ಸಾಕಷ್ಟಿದೆ, ಅವರ ಮನೆಗೆ ಸಂಪಾದನೆಯೂ ಆಗುತ್ತದೆ.

ಎರಡನೆಯದು, ನೀರು. ಥಾರ್ ಜೀಪು 650 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎಂದು ಕಂಪನಿ ಹೇಳುತ್ತದೆ. ಆ ಲೆಕ್ಕವನ್ನು ಮಳೆಗಾಲದ ಹಳ್ಳಕ್ಕೆ ಹಚ್ಚಬೇಡಿ. ಹರಿವಿನ ವೇಗ ಎರಡು ಪಟ್ಟಾದರೆ ಅದು ಗಾಡಿಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಎರಡಡಿ ಹರಿವ ನೀರು ದೊಡ್ಡ ಎಸ್‌ಯುವಿಯನ್ನೂ ಎತ್ತಿಕೊಂಡು ಹೋಗಬಲ್ಲದು. ತಳ ಕಾಣದ, ಬಣ್ಣ ತಿರುಗಿದ, ಕಸಕಡ್ಡಿ ಹೊತ್ತು ಬರುವ ನೀರು ಕಂಡರೆ ಗಾಡಿ ತಿರುಗಿಸಿ. ಎಂಜಿನ್ ನೀರಿನಲ್ಲಿ ಆಫ್ ಆದರೆ ಯಾವ ಕಾರಣಕ್ಕೂ ಮತ್ತೆ ಕೀ ತಿರುಗಿಸಬೇಡಿ. ಮೊದಲು ಜನರನ್ನು ದಡಕ್ಕೆ ಕರೆತನ್ನಿ, ಆಮೇಲೆ ಗಾಡಿಯ ಮಾತು.

ಮೂರನೆಯದು, ಎಳೆಯುವ ಕೆಲಸ. ಈ ಹವ್ಯಾಸದಲ್ಲಿ ಗಾಡಿ ಏರುವುದಕ್ಕಿಂತ ಹೂತ ಗಾಡಿಯನ್ನು ಎಳೆಯುವುದೇ ಅಪಾಯಕಾರಿ. ಬಂಪರಿಗೋ ಟೋ ಬಾಲ್‌ಗೋ ಹಗ್ಗ ಕಟ್ಟಿ ಜಗ್ಗಬೇಡಿ. ಅದು ಕಿತ್ತು ಬಂದರೆ ಗುಂಡಿನಂತೆ ಹಾರಿ ಗಾಜು ಒಡೆದು ಒಳಗಿದ್ದವರ ಜೀವ ತೆಗೆಯಬಲ್ಲದು. ಛಾಸಿಗೆ ಭದ್ರವಾಗಿ ಕೂತ ರಿಕವರಿ ಪಾಯಿಂಟ್, ತಕ್ಕ ಭಾರ ತಡೆಯುವ ಡಿ-ಶ್ಯಾಕಲ್, ಹಿಗ್ಗುವ ಕೈನೆಟಿಕ್ ರೋಪ್ ಇಷ್ಟಾದರೂ ಪ್ರತಿ ಗುಂಪಿನಲ್ಲಿರಲಿ. ವಿಂಚಿನ ತಂತಿ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ, ತುಂಡಾದರೆ ಅದರ ಹೊಡೆತ ತಗ್ಗುತ್ತದೆ. ಉಳಿದವರೆಲ್ಲ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ನಿಲ್ಲಬೇಕು. ನೋಡಲು ಬಂದ ಊರ ಮಕ್ಕಳನ್ನು ಮೊದಲು ದೂರ ಕಳಿಸಿ. ಎಳೆಯುವ ಮೊದಲು ಗುದ್ದಲಿ ಹಿಡಿದು ಚಕ್ರದ ಮುಂದಿನ ಕೆಸರು ತೆಗೆಯಿರಿ, ಟೈರಿನ ಗಾಳಿ ಇಳಿಸಿ. ಹೂತ ಗಾಡಿಗಳಲ್ಲಿ ಅನೇಕವು ಇಷ್ಟಕ್ಕೇ ಹೊರಬರುತ್ತವೆ. ಇಳಿಸಿದ ಗಾಳಿ ಮತ್ತೆ ತುಂಬಲು ಪಂಪ್ ಜೊತೆಗಿರಲಿ.

ನಾಲ್ಕನೆಯದು, ಕೆಟ್ಟ ಮೇಲಿನ ಕರ್ತವ್ಯ. ಒಂಟಿ ಗಾಡಿಯಲ್ಲಿ ಹೋಗಬೇಡಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ. 112 ಸಹಾಯವಾಣಿಗೂ ನೆಟ್‌ವರ್ಕ್ ಬೇಕು ಎಂಬುದು ನೆನಪಿರಲಿ. ಆಯಿಲ್ ಸೋರುತ್ತಿದ್ದರೆ ಕೆಳಗೆ ಹಿಡಿಯಲು ಅಗಲದ ಡಬ್ಬಿ, ಹೀರಲು ಹಳೆ ಬಟ್ಟೆ ತೆಗೆದುಕೊಂಡು ಹೋಗಿ, ತುಂಬಿದ ಡಬ್ಬಿಯನ್ನು ವಾಪಸ್ ತನ್ನಿ. ಊರಿನವರು ಸಹಾಯಕ್ಕೆ ಬಂದರೆ ಅವರ ಕೂಲಿ, ಡೀಸೆಲ್, ಹಾಳಾದ ಹೊತ್ತು ಎಲ್ಲದರ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಿ. ಅವರನ್ನು ನೀರಿಗಿಳಿಸಬೇಡಿ. ಹಗ್ಗ ಕಟ್ಟುವುದು ನಮ್ಮ ಕೆಲಸ. ನಾವು ಇಳಿಯಲು ಹೆದರುವ ನೀರಾದರೆ ಗಾಡಿ ಅಲ್ಲೇ ಇರಲಿ, ಮಳೆ ಇಳಿಯಲಿ.

ಗುಂಪಿನಲ್ಲಿದ್ದಾಗ 'ತಿರುಗಿಸೋಣ' ಎನ್ನುವುದು ಕಷ್ಟ. ಹೇಳಿದವನನ್ನು ಪುಕ್ಕಲ ಎಂದು ನಗುವ ಅಭ್ಯಾಸ ನಮ್ಮಲ್ಲಿದೆ. ಆ ನಗು ನಿಂತರೆ ಅರ್ಧ ಅಪಾಯ ಕಳೆಯುತ್ತದೆ. ಬೆಟ್ಟ ಬಲ್ಲ ಹಿರಿಯರೇ, ಹೊಸದಾಗಿ ಫೋರ್ ಬೈ ಫೋರ್ ಕೊಂಡ ಹುಡುಗರ ಎದುರು ನೀವೇ ಮೊದಲು ಗಾಡಿ ತಿರುಗಿಸಿ ತೋರಿಸಿ. ನಿಮ್ಮ ಮಾತಿಗಿಂತ ಅದನ್ನು ಅವರು ಬೇಗ ಕಲಿಯುತ್ತಾರೆ.

ಈ ಶುಕ್ರವಾರ ಡಿಕ್ಕಿ ತುಂಬುವ ಮೊದಲು ನಿಮ್ಮ ಗುಂಪಿನಲ್ಲಿ ಮೂರು ಪ್ರಶ್ನೆ ಕೇಳಿ: ಹೋಗುವ ದಾರಿಗೆ ಒಪ್ಪಿಗೆ ಇದೆಯೇ? ಸಿಕ್ಕಿಕೊಂಡರೆ ನಮ್ಮಿಂದಲೇ ಹೊರಬರಲು ಸಾಮಾನು ಇದೆಯೇ? ಒಬ್ಬರು ಬೇಡ ಎಂದರೆ ಎಲ್ಲರೂ ತಿರುಗುತ್ತೇವೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಸಂತೋಷವಾಗಿ ಹೊರಡಿ. ಒಂದಕ್ಕೆ ಇಲ್ಲವೆಂದರೂ ಈ ವಾರ ಪ್ರಯಾಣ ಮುಂದಕ್ಕೆ ಹಾಕಿ ಎಂದು ಕೈಮುಗಿದು ಕೇಳುತ್ತೇನೆ.