ಕಿರ್ದಿ–ಖಾತೆಗೆ ಎರಡನೆಯ ಮನೆ ಬೇಕು

ದೀಪಾವಳಿಯ ಅಂಗಡಿ ಪೂಜೆಯಲ್ಲಿ ಲೆಕ್ಕದ ಪುಸ್ತಕದೊಂದಿಗೆ ಗಣಕಯಂತ್ರಕ್ಕೂ ಕುಂಕುಮ ಹಚ್ಚುವ ಕಾಲವಿದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ಮಂಡಿಯ ಮುಂಗಡ, ಅಕ್ಕಿ ಗಿರಣಿಯ ದಾಸ್ತಾನು, ಕಿರಾಣಿ ವರ್ತಕರ ಉದ್ದರಿ ಎಲ್ಲವೂ ಆ ಒಂದು ಯಂತ್ರದೊಳಗೆ ಸೇರಿವೆ. ಹಿಂದೆ ಕಿರ್ದಿ ಒಂದು ಪುಸ್ತಕ, ಖಾತೆ ಮತ್ತೊಂದು ಪುಸ್ತಕ. ಒಂದು ಹಾಳಾದರೆ ಇನ್ನೊಂದರಿಂದ ಲೆಕ್ಕವನ್ನು ಹೊಂದಿಸಿಕೊಳ್ಳಬಹುದಿತ್ತು. ಈಗ ಎರಡೂ ಒಂದೇ ಹಾರ್ಡ್‌ಡಿಸ್ಕ್‌ನಲ್ಲಿವೆ. ಅನುಕೂಲ ಹೆಚ್ಚಿದಷ್ಟೇ ಅಪಾಯವೂ ಹೆಚ್ಚಿದೆ.

ಆಗುಂಬೆ, ಹುಲಿಕಲ್ಲುಗಳ ಮಳೆಯ ಸೀಮೆಯಲ್ಲಿ ಸಿಡಿಲು, ತೇವ, ವಿದ್ಯುತ್ತಿನ ಏರಿಳಿತಗಳು ಹೊಸತಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆಯ ನೆರೆ ಶಿವಮೊಗ್ಗ ನಗರದೊಳಕ್ಕೇ ನುಗ್ಗಿತ್ತು. ಇದರ ಜೊತೆಗೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಹಾವಳಿಯೂ ಇದೆ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಸುಮಾರು 150 ದೇಶಗಳ ಗಣಕಯಂತ್ರಗಳನ್ನು ಕಾಡಿತು. ಯಂತ್ರಕ್ಕೆ ಸದಾ ಸಿಕ್ಕಿಸಿಟ್ಟ ಪೆನ್‌ಡ್ರೈವ್ ಇಂತಹ ದಾಳಿಯಲ್ಲಿ ಯಂತ್ರದೊಡನೆಯೇ ಹಾಳಾಗುತ್ತದೆ.

“ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್ಲವೂ ಇದೆಯಲ್ಲ” ಎಂಬ ಸಮಾಧಾನ ಸಲ್ಲದು. ಅಲ್ಲಿ ಸಲ್ಲಿಸಿದ ರಿಟರ್ನ್ ಸಿಗಬಹುದು. ಬೆಳೆಗಾರನಿಗೆ ಕೊಟ್ಟ ಮುಂಗಡ, ಗಿರಾಕಿಯ ಬಾಕಿ, ಕೂಲಿ ಬಟವಾಡೆ ಅಲ್ಲಿಲ್ಲ. ಕಾನೂನಿನ ದೃಷ್ಟಿಯಿಂದಲೂ ಹೊಣೆ ವರ್ತಕನದೇ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್‌ನ ಅಂತಿಮ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ವಿದ್ಯುನ್ಮಾನ ದಾಖಲೆಗಳು ನಾಶವಾದರೆ ಯುಕ್ತ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇರಬೇಕೆಂದು 57ನೇ ನಿಯಮ ವಿಧಿಸುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗಳಾದರೆ, 2022ರ ತಿದ್ದುಪಡಿಯ ನಂತರ, ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಬ್ಯಾಕಪ್ ಇರಿಸಬೇಕು.

ಆನ್‌ಲೈನ್ ಬ್ಯಾಕಪ್‌ನ ಕ್ರಮ ಸರಳವಾದುದು. ಮೊದಲ ಬಾರಿ ಪೂರ್ಣ ದತ್ತಾಂಶ ದೂರದ ದತ್ತಾಂಶ ಕೇಂದ್ರಕ್ಕೆ ಹೋಗುತ್ತದೆ. ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್ ವೇಗವಿದ್ದರೆ 10 ಗಿಗಾಬೈಟ್‌ಗೆ ಸುಮಾರು ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಅನಂತರ ಬದಲಾದ ಭಾಗ ಮಾತ್ರ ಹೋಗುವುದರಿಂದ ನಿತ್ಯದ ಕೆಲಸ ಬೇಗ ಮುಗಿಯುತ್ತದೆ. ವ್ಯಾಪಾರದ ಗುಟ್ಟು ಪರರ ಕೈಸೇರುವುದೆಂಬ ಅಂಜಿಕೆ ಸಹಜ. ಆದರೆ ದತ್ತಾಂಶವು ಅಂಗಡಿಯ ಯಂತ್ರದಲ್ಲಿಯೇ ಗೂಢಲಿಪಿಗೆ ತಿರುಗಿ, ಅದರ ಕೀಲಿ ಮಾಲೀಕನ ಬಳಿಯೇ ಉಳಿದರೆ, ಸೇವೆ ನೀಡುವ ಸಂಸ್ಥೆಗೂ ಅದನ್ನು ಓದಲಾಗದು. ಆ ಕೀಲಿ ಕಳೆದರೆ ಮಾಲೀಕನಿಗೂ ಓದಲಾಗದು. ಆದ್ದರಿಂದ ಕೀಲಿಯನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಬೇಕು. ಗುಮಾಸ್ತರಿಗಾಗಲಿ, ಗಣಕಯಂತ್ರ ದುರಸ್ತಿಯವರಿಗಾಗಲಿ, ಲೆಕ್ಕ ಪರಿಶೋಧಕರಿಗಾಗಲಿ ಒಪ್ಪಿಸಿ ನಿಶ್ಚಿಂತರಾಗಬಾರದು.

ಎರಡು ಸ್ಥಳಗಳಲ್ಲಿ ಕಡತವನ್ನು ಏಕರೂಪವಾಗಿ ಇಡುವ ಸಿಂಕ್ ಸೌಲಭ್ಯವನ್ನೇ ಬ್ಯಾಕಪ್ ಎಂದು ಭಾವಿಸುವುದು ಮತ್ತೊಂದು ತಪ್ಪು. ಇಲ್ಲಿ ಕೆಟ್ಟ ಕಡತ ಅಲ್ಲಿಯೂ ಕೆಡುತ್ತದೆ. ಹಿಂದಿನ ದಿನಗಳ ಪ್ರತಿಗಳು ಪ್ರತ್ಯೇಕವಾಗಿ ಉಳಿಯುವ ವ್ಯವಸ್ಥೆಯನ್ನೇ ಆರಿಸಬೇಕು.

ಮಲೆನಾಡಿನಲ್ಲಿ ಮಳೆಗಾಲದ ಜಾಲಸಂಪರ್ಕವನ್ನು ಪೂರ್ತಿಯಾಗಿ ನಂಬಲಾಗದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಹೊರಗೆ ಎಂಬ ಪ್ರಸಿದ್ಧ ಸೂತ್ರವೇ ಇಲ್ಲಿಗೆ ಯೋಗ್ಯ: ಯಂತ್ರದಲ್ಲೊಂದು, ಕೆಲಸ ಮುಗಿದೊಡನೆ ಬಿಡಿಸಿಡುವ ಹಾರ್ಡ್‌ಡಿಸ್ಕ್‌ನಲ್ಲೊಂದು, ಆನ್‌ಲೈನ್‌ನಲ್ಲೊಂದು.

ಇಷ್ಟಾದರೂ ಮರಳಿ ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ. ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು, ತಾಳೆಪಟ್ಟಿ, ದಾಸ್ತಾನು ಮತ್ತು ಬಾಕಿದಾರರ ಪಟ್ಟಿ ಮೂಲದೊಂದಿಗೆ ಹೊಂದುತ್ತವೆಯೇ ಎಂದು ಮಾಲೀಕರೇ ಪರಿಶೀಲಿಸಬೇಕು. ಇದಕ್ಕೆ ತಗಲುವುದು ಅರ್ಧ ದಿನ. ದಾಖಲೆ ಹೋದ ಮೇಲೆ ಬೆಳೆಗಾರನೂ ವರ್ತಕನೂ ಬಾಯಿಮಾತಿನ ಲೆಕ್ಕಕ್ಕೆ ನಿಂತರೆ ಹೋಗುವುದು ತಲೆಮಾರುಗಳ ವಿಶ್ವಾಸ. ಮುಂದಿನ ಮಳೆಗಾಲದೊಳಗೆ ಪ್ರತಿಯೊಬ್ಬ ಸದಸ್ಯರೂ ಒಮ್ಮೆಯಾದರೂ ಈ ಪರೀಕ್ಷೆಯನ್ನು ನಡೆಸುವುದು ಕ್ಷೇಮಕರ.